ಪ್ರೋಗ್ರಾಮಿಂಗ್ ಭಾಷೆಗಳ ಗಣಿತವನ್ನು ಓದಬೇಕಾದರೆ ಎಷ್ಟು ಗಣಿತ ಗೊತ್ತಿರಬೇಕು?

ನೀವು ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಐದನೇ ಸೆಮಿಸ್ಟರ್ ಓದುತ್ತಿದ್ದೀರಿ. ಪ್ರೋಗ್ರಾಮಿಂಗ್ ಭಾಷೆಗಳ ಹಿಂದಿರುವ ಗಣಿತವನ್ನು ಎಂ.ಟೆಕ್. ಅಥವಾ ಎಂ.ಎಸ್ಸಿ.ಯಲ್ಲಿ ಓದುವ ಆಸೆಯಿದೆ, ಆದರೆ ಎಂಜಿನಿಯರಿಂಗ್ ಮ್ಯಾಥ್ಸ್‌ನಲ್ಲಿ ಅಂಕಗಳು ಸಾಧಾರಣವಾಗಿರುವುದರಿಂದ ಇದು ನಿಮ್ಮಿಂದ ಆಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಇದೇ ಊರಿನಲ್ಲಿ ಕಂಪೈಲರ್ ಪಾಠ ಹೇಳುತ್ತೇನೆ, ಸ್ನಾತಕೋತ್ತರ ಓದಿನಲ್ಲಿ ಹಿಡಿದದ್ದೂ ಇದೇ ವಿಷಯ. ಆಗುತ್ತದೆ ಎಂಬುದೇ ನನ್ನ ಉತ್ತರ, ಆದರೆ ಒಂದು ಷರತ್ತಿದೆ.

ನಮ್ಮಲ್ಲಿ ಎಂಜಿನಿಯರಿಂಗ್ ಮ್ಯಾಥ್ಸ್ ಎಂದು ಕಲಿಸುವ ಡಿಫರೆನ್ಶಿಯಲ್ ಈಕ್ವೇಶನ್, ಲಾಪ್ಲಾಸ್, ಫೋರಿಯರ್ ಮುಂತಾದವುಗಳಿಗೂ ಈ ವಿಷಯಕ್ಕೂ ನಂಟು ತೀರಾ ಕಡಿಮೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಒಳ್ಳೆಯ ಅಂಕ ತೆಗೆದವರು ಇಲ್ಲಿ ತಡವರಿಸುವುದನ್ನೂ, ಹೇಗೋ ಪಾಸಾದವರು ಸಲೀಸಾಗಿ ಮುಂದೆ ಹೋಗುವುದನ್ನೂ ಕಂಡಿದ್ದೇನೆ. ಬೇಕಾಗುವುದು ಡಿಸ್ಕ್ರೀಟ್ ಮ್ಯಾಥ್ಸ್‌ನ ಸೆಟ್, ರಿಲೇಶನ್, ತರ್ಕ, ಎಲ್ಲಕ್ಕಿಂತ ಹೆಚ್ಚಾಗಿ ಇಂಡಕ್ಷನ್. ಅದೂ ಸ್ವಾಭಾವಿಕ ಸಂಖ್ಯೆಗಳ ಮೇಲಿನ ಇಂಡಕ್ಷನ್ ಮಾತ್ರವಲ್ಲ; ಪ್ರೋಗ್ರಾಮಿನ ಚಿಕ್ಕ ತುಣುಕುಗಳಿಗೆ ನಿಜವಾದದ್ದು ಅವುಗಳಿಂದ ಕಟ್ಟಿದ ದೊಡ್ಡ ತುಣುಕಿಗೂ ನಿಜ ಎಂದು ತೋರಿಸುವ, ರಚನೆಯ ಮೇಲಿನ ಇಂಡಕ್ಷನ್. ಅಂಥ ಒಂದು ಸಾಧನೆಯನ್ನು, ಅಂದರೆ ಪ್ರೂಫನ್ನು, ಪುಸ್ತಕ ಮುಚ್ಚಿಟ್ಟು ಹಾಳೆಯ ಮೇಲೆ ಮೊದಲಿನಿಂದ ಕೊನೆಯವರೆಗೆ ನೀವೇ ಬರೆಯಲು ಶಕ್ತರಾಗಬೇಕು ಎಂಬುದೇ ನಾನು ಹೇಳಿದ ಷರತ್ತು.

ಒಂದು ಪುಟಾಣಿ ಭಾಷೆಯನ್ನು ತೆಗೆದುಕೊಳ್ಳಿ. ಅದರಲ್ಲಿ ‘ನಿಜ’, ‘ಸುಳ್ಳು’ ಎಂಬ ಎರಡು ಬೂಲಿಯನ್ ಬೆಲೆಗಳು, ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳು, ಕೂಡುವ ಕ್ರಿಯೆ ಮತ್ತು ಒಂದು ಇಫ್-ಎಲ್ಸ್, ಇಷ್ಟೇ ಇವೆ. ಟೈಪ್ ಎಂದರೆ ಬೆಲೆ ಯಾವ ಬಗೆಯದು, ಬೂಲಿಯನ್ನೋ ಸಂಖ್ಯೆಯೋ ಎಂಬುದು. ಇಫ್‌ನ ಟೈಪ್ ನಿಯಮ ಹೀಗಿದೆ: ಷರತ್ತಿನ ಭಾಗ ಬೂಲಿಯನ್ ಆಗಿರಬೇಕು, ಎರಡು ಕವಲುಗಳಿಗೂ ಒಂದೇ ಟೈಪ್ ಇರಬೇಕು, ಆಗ ಇಡೀ ಇಫ್‌ಗೂ ಅದೇ ಟೈಪ್. ಈ ಭಾಷೆಯ ಬಗ್ಗೆ ಸಾಧಿಸಬೇಕಾದ ಪ್ರಮೇಯಗಳು ಎರಡು. ಟೈಪ್ ಸರಿಯಿರುವ ಪ್ರೋಗ್ರಾಮು ಒಂದು ಹೆಜ್ಜೆ ನಡೆದರೂ ಅದರ ಟೈಪ್ ಬದಲಾಗುವುದಿಲ್ಲ ಎಂಬುದು ಒಂದು. ಅಂಥ ಪ್ರೋಗ್ರಾಮು ಒಂದೋ ಅಂತಿಮ ಬೆಲೆಯಾಗಿರುತ್ತದೆ, ಇಲ್ಲವೇ ಇನ್ನೊಂದು ಹೆಜ್ಜೆ ನಡೆಯಬಲ್ಲದು, ನಡುವೆ ಸಿಕ್ಕಿಹಾಕಿಕೊಳ್ಳುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಇಫ್‌ನ ಕೇಸ್ ನೋಡಿ. ಷರತ್ತು ಆಗಲೇ ‘ನಿಜ’ ಆಗಿದ್ದರೆ ಮುಂದಿನ ಹೆಜ್ಜೆಯಲ್ಲಿ ಉಳಿಯುವುದು ಮೊದಲ ಕವಲು, ಅದರ ಟೈಪ್ ಇಡೀ ಇಫ್‌ನದೇ ಎಂದು ನಿಯಮವೇ ಹೇಳುತ್ತದೆ. ‘ಸುಳ್ಳು’ ಆಗಿದ್ದರೆ ಎರಡನೆಯ ಕವಲಿಗೂ ಅದೇ ಮಾತು. ಷರತ್ತಿನ ಭಾಗವೇ ಇನ್ನೂ ಒಂದು ಹೆಜ್ಜೆ ನಡೆಯುವಂತಿದ್ದರೆ, ಅದು ಇಡೀ ಪ್ರೋಗ್ರಾಮಿಗಿಂತ ಚಿಕ್ಕದಾದ್ದರಿಂದ ಇಂಡಕ್ಷನ್ ಊಹೆಯ ಪ್ರಕಾರ ನಡೆದ ಮೇಲೂ ಬೂಲಿಯನ್ ಆಗಿಯೇ ಉಳಿಯುತ್ತದೆ, ಹಾಗಾಗಿ ನಿಯಮವನ್ನು ಮತ್ತೆ ಅನ್ವಯಿಸಬಹುದು. ಈ ಕೇಸ್ ಅಲ್ಲಿಗೆ ಮುಗಿಯಿತು.

ಮೊದಲ ಪ್ರಮೇಯದ ವಿಲೋಮ (ಹೆಜ್ಜೆ ನಡೆದ ಮೇಲೆ ಟೈಪ್ ಇದ್ದರೆ ಮೊದಲೂ ಅದೇ ಟೈಪ್ ಇತ್ತು ಎಂಬುದು) ಮಾತ್ರ ನಿಜವಲ್ಲ, ಇದನ್ನು ಪರೀಕ್ಷೆಗಳಲ್ಲಿ ಕೇಳುವುದು ನನಗೆ ಇಷ್ಟ. ಷರತ್ತು ‘ನಿಜ’, ಮೊದಲ ಕವಲು 0, ಎರಡನೆಯ ಕವಲು ‘ಸುಳ್ಳು’ ಆಗಿರುವ ಇಫ್ ಒಂದೇ ಹೆಜ್ಜೆಯಲ್ಲಿ 0 ಆಗುತ್ತದೆ, 0 ಗೆ ಟೈಪ್ ಇದೆ, ಆದರೆ ಕವಲುಗಳ ಟೈಪ್ ಬೇರೆಬೇರೆಯಾದ್ದರಿಂದ ಆ ಇಫ್‌ಗೆ ಯಾವ ಟೈಪೂ ಇಲ್ಲ. ಓಡಿಸಿದರೆ ಏನೂ ತೊಂದರೆಯಾಗದ ಪ್ರೋಗ್ರಾಮನ್ನು ಕಂಪೈಲರ್ ಒಮ್ಮೊಮ್ಮೆ ತಿರಸ್ಕರಿಸುವುದೇಕೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ಸಿಗುವುದು ಕಷ್ಟ.

ಇದು ಕೈಗೆ ಹತ್ತಿದ ಮೇಲೆ ಲ್ಯಾಂಬ್ಡಾ ಕ್ಯಾಲ್ಕುಲಸ್‌ಗೆ, ಅಂದರೆ ಫಂಕ್ಷನ್‌ಗಳನ್ನು ಕಟ್ಟುವುದು ಮತ್ತು ಅನ್ವಯಿಸುವುದು ಇಷ್ಟರಿಂದಲೇ ಆದ ಪುಟ್ಟ ಭಾಷೆಗೆ, ಹೋಗಿ. ಹೆಸರಿನಲ್ಲಿ ಕ್ಯಾಲ್ಕುಲಸ್ ಇದ್ದರೂ ಇದರಲ್ಲಿ ಇಂಟಿಗ್ರೇಶನ್ ಇಲ್ಲ. ಅಲೊಂಜೊ ಚರ್ಚ್ 1930ರ ದಶಕದಲ್ಲಿ, ಎಲೆಕ್ಟ್ರಾನಿಕ್ ಕಂಪ್ಯೂಟರ್ ಬರುವ ಮೊದಲೇ, ತರ್ಕಶಾಸ್ತ್ರಕ್ಕಾಗಿ ಕಟ್ಟಿದ್ದು ಇದು. 1940ರಲ್ಲಿ ಅವರೇ ಇದಕ್ಕೆ ಟೈಪ್‌ಗಳನ್ನೂ ಸೇರಿಸಿದರು. ಟೈಪ್ ಇರುವ ಈ ರೂಪದಲ್ಲಿಯೇ ವಿಷಯದ ಅತಿ ಸೊಗಸಾದ ಭಾಗ, ಕರಿ-ಹೋವರ್ಡ್ ಹೊಂದಾಣಿಕೆ, ಎದುರಾಗುತ್ತದೆ. ಟೈಪ್ ಎಂದರೆ ಒಂದು ತಾರ್ಕಿಕ ಹೇಳಿಕೆ, ಆ ಟೈಪಿನ ಪ್ರೋಗ್ರಾಮು ಎಂದರೆ ಆ ಹೇಳಿಕೆಯ ಸಾಧನೆ. ಜೋಡಿಯೊಂದನ್ನು ತೆಗೆದುಕೊಂಡು ಅದರ ಎರಡು ಭಾಗಗಳನ್ನು ಅದಲುಬದಲು ಮಾಡಿ ಕೊಡುವ ಫಂಕ್ಷನ್, ‘ಕ ಮತ್ತು ಖ ನಿಜವಾದರೆ ಖ ಮತ್ತು ಕ ನಿಜ’ ಎಂಬುದರ ಸಾಧನೆಯೂ ಹೌದು. ಆದರೆ ಭಾಷೆಯಲ್ಲಿ ಲಂಗುಲಗಾಮಿಲ್ಲದ ರಿಕರ್ಶನ್ ಇದ್ದರೆ ಇದು ಕೆಡುತ್ತದೆ. ತನ್ನನ್ನು ತಾನೇ ಕರೆದುಕೊಂಡು ಎಂದೂ ಮುಗಿಯದ ಫಂಕ್ಷನ್‌ಗೆ ಯಾವ ಟೈಪನ್ನಾದರೂ ಕೊಡಬಹುದಾದ್ದರಿಂದ ಸುಳ್ಳು ಹೇಳಿಕೆಗೂ ‘ಸಾಧನೆ’ ಹುಟ್ಟಿಬಿಡುತ್ತದೆ. ಲೀನ್ ಮತ್ತು ರಾಕ್ (2025ರವರೆಗೆ ಕಾಕ್ ಎಂಬ ಹೆಸರಿನಲ್ಲಿದ್ದದ್ದು) ಎಂಬ, ಸಾಧನೆಗಳನ್ನು ಪರಿಶೀಲಿಸುವ ತಂತ್ರಾಂಶಗಳು ಪ್ರತಿ ರಿಕರ್ಶನ್ ಕೊನೆಗೊಳ್ಳುತ್ತದೆಯೇ ಎಂದು ಹಟ ಹಿಡಿದು ಪರೀಕ್ಷಿಸುವುದು ಇದೇ ಕಾರಣಕ್ಕೆ. ಎರಡೂ ಉಚಿತ, ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಓಡುತ್ತವೆ, ಇವುಗಳನ್ನು ಕಲಿಯಲು ಹಾಸನದಿಂದ ವಾರಕ್ಕೊಮ್ಮೆ ಬೆಂಗಳೂರಿನ ರೈಲು ಹತ್ತಬೇಕಾಗಿಲ್ಲ.

ಎಲ್ಲಿ ಓದಬೇಕು ಎಂಬುದಕ್ಕೆ ಉತ್ತರ ಚಿಕ್ಕದು. ಬೆಂಗಳೂರಿನ ಐಐಎಸ್‌ಸಿಯ ಕಂಪ್ಯೂಟರ್ ಸೈನ್ಸ್ ವಿಭಾಗ, ಚೆನ್ನೈ ಬಳಿಯ ಸಿರುಸೇರಿಯಲ್ಲಿರುವ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್, ಐಐಟಿ ಬಾಂಬೆ, ಇವು ಮೊದಲು ನೋಡಬೇಕಾದವು. ಚೆನ್ನೈನ ಸಂಸ್ಥೆ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ, ಅದರಲ್ಲಿ ಸಾಧನೆ ಬರೆಯುವ ಶಕ್ತಿಗೆ ಬೆಲೆಯಿದೆ, ಆದ್ದರಿಂದ ನಿಮ್ಮಂಥವರಿಗೆ ಅದು ಗೇಟ್‌ಗಿಂತ ಹೊಂದಬಹುದು. ಗೇಟ್ ಪಠ್ಯದಲ್ಲಿ ಆಟೊಮ್ಯಾಟಾ ಇದೆ, ಕಂಪೈಲರ್ ಇದೆ, ಲ್ಯಾಂಬ್ಡಾ ಕ್ಯಾಲ್ಕುಲಸ್ ಇಲ್ಲ. ಗೇಟ್‌ಗೆ ಪ್ರತ್ಯೇಕವಾಗಿ ಓದಲೇಬೇಕು. ಸಂಸ್ಥೆಯ ಹೆಸರಿಗಿಂತ, ಅಲ್ಲಿ ಟೈಪ್ ಸಿದ್ಧಾಂತ ಅಥವಾ ಪ್ರೋಗ್ರಾಮ್ ವೆರಿಫಿಕೇಶನ್‌ನಲ್ಲಿ (ಪ್ರೋಗ್ರಾಮು ಸರಿಯಿದೆ ಎಂದು ಸಾಧಿಸುವುದರಲ್ಲಿ) ಈಗ ಕೆಲಸ ಮಾಡುತ್ತಿರುವ ಪ್ರಾಧ್ಯಾಪಕರು ಇದ್ದಾರೆಯೇ ಎಂಬುದನ್ನು ನೋಡಿ ಅರ್ಜಿ ಹಾಕಿ.

ಕ್ಯಾಂಪಸ್ ಸಂದರ್ಶನಗಳಲ್ಲಿ ಇದನ್ನು ಬಹುತೇಕ ಯಾರೂ ಕೇಳುವುದಿಲ್ಲ ಎಂಬುದನ್ನೂ ಮನೆಯವರಿಗೆ ಮೊದಲೇ ಹೇಳಿಬಿಡಿ. ಕಂಪೈಲರ್, ಚಿಪ್ ವೆರಿಫಿಕೇಶನ್ ಮುಂತಾದ ಕಡೆ ಕೆಲಸಗಳಿವೆ, ಆದರೆ ಜಾವಾ ಕಲಿತವರಿಗೆ ಇರುವಷ್ಟು ಇಲ್ಲ.

ಅರ್ಜಿಯ ಯೋಚನೆಗೆ ಮೊದಲು, ಮೇಲಿನ ಪುಟಾಣಿ ಭಾಷೆಯ ಎರಡೂ ಪ್ರಮೇಯಗಳನ್ನು ಪೂರ್ತಿ ಬರೆಯಿರಿ. ಬಳಿಕ ಅದಕ್ಕೆ ಭಾಗಾಕಾರವನ್ನು ಸೇರಿಸಿ, ಸೊನ್ನೆಯಿಂದ ಭಾಗಿಸಿದಾಗ ಎರಡರಲ್ಲಿ ಯಾವ ಪ್ರಮೇಯ, ಯಾವ ಕೇಸಿನಲ್ಲಿ ಮುರಿಯುತ್ತದೆ ಎಂದು ಹುಡುಕಿ, ಅದನ್ನು ಸರಿಪಡಿಸಲು ಟೈಪ್ ನಿಯಮವನ್ನು ಬದಲಿಸುತ್ತೀರೋ ನಡೆಯುವ ನಿಯಮವನ್ನು ಬದಲಿಸುತ್ತೀರೋ ತೀರ್ಮಾನಿಸಿ. ಬರೆದದ್ದನ್ನು ಕಳಿಸಿದರೆ ನೋಡಿ ಹೇಳುತ್ತೇನೆ.