ರಾತ್ರಿ ಆಟ, ಮಳೆಗಾಲದ ಜಲಪಾತ, ಒಂದಿಷ್ಟು ಹಕ್ಕಿ: ಮೊದಲ ಮಿರರ್‌ಲೆಸ್‌ಗೆ ಯಾವ ಬಾಡಿ, ಯಾವ ಲೆನ್ಸ್?

ನೀವು ಕೇಳಿದ್ದು ಇಷ್ಟು: ಊರು ಶಿರಸಿ ಕಡೆ, ಬಜೆಟ್ 80,000 ರೂಪಾಯಿ, ತೆಗೆಯಬೇಕಿರುವುದು ಯಕ್ಷಗಾನ, ಜಲಪಾತ, ಸಾಧ್ಯವಾದರೆ ಹಕ್ಕಿ. ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾಗಳಲ್ಲಿ ಕ್ಯಾನನ್ ಆರ್50 ಎರಡು ಲೆನ್ಸಿನ ಕಿಟ್ (18-45 ಮತ್ತು 55-210 ಎಂಎಂ) ತಗೊಳ್ಳಲಾ, ಸೋನಿ ಝಡ್‌ವಿ-ಇ10 ತಗೊಳ್ಳಲಾ?

ನಾನು ಕುಮಟಾದವನು, ಆಟದ, ಅಂದರೆ ಯಕ್ಷಗಾನದ ಫೋಟೋ ತೆಗೆಯುವ ಹುಚ್ಚಿದೆ. ನನ್ನ ಮಾತು ಕೇಳುವುದಾದರೆ ಆರ್50 ತಗೊಳ್ಳಿ, ಆದರೆ 18-45 ಒಂದೇ ಲೆನ್ಸಿನ ಕಿಟ್ ಸಾಕು. 55-210ಕ್ಕೆ ಕೊಡುವ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಆರ್‌ಎಫ್ 50 ಎಂಎಂ ಎಫ್/1.8 ಕೊಳ್ಳಿ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. 55-210 ಪೂರ್ತಿ ಝೂಮ್ ಮಾಡಿದಾಗ ಅದರ ಅಪರ್ಚರ್ (ಬೆಳಕು ಒಳಬರುವ ಕಿಂಡಿ, ಅಂಕೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್/7.1. 50 ಎಂಎಂ ಲೆನ್ಸಿನದ್ದು ಎಫ್/1.8. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. ಎರಡರ ನಡುವೆ ನಾಲ್ಕು ಸ್ಟಾಪ್ ಅಂತರ, ಅಂದರೆ ಬೆಳಕಿನಲ್ಲಿ ಹದಿನಾರು ಪಟ್ಟು ವ್ಯತ್ಯಾಸ. 50 ಎಂಎಂನಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸಿ ತೋರಿಸುವ ಅಳತೆ) 1600ಕ್ಕೆ ಬರುವ ಚಿತ್ರಕ್ಕೆ 55-210ರಲ್ಲಿ 25,600 ಬೇಕು. ಅಷ್ಟು ಏರಿಸಿದರೆ ಮುಖವರ್ಣಿಕೆಯ ಗೆರೆಗಳೆಲ್ಲ ಕಾಳುಕಾಳಾಗಿ ಕರಗಿ ಹೋಗುತ್ತವೆ. ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದೆಯಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಇದೆ, ಆದರೆ ಅದು ತಡೆಯುವುದು ನಿಮ್ಮ ಕೈ ನಡುಗುವುದನ್ನು. ಮಂಡಿ ಹಾಕಿ ಗಿರಗಿರ ತಿರುಗುವ ವೇಷಧಾರಿಯನ್ನು ಅದು ನಿಲ್ಲಿಸಲಾರದು. ಅದಕ್ಕೆ ಶಟರ್ ವೇಗ 1/250 ಸೆಕೆಂಡ್ ಆದರೂ ಬೇಕು, ರಭಸದ ಕುಣಿತಕ್ಕೆ 1/500. ಆ ವೇಗಕ್ಕೆ ಬೇಕಾದ ಬೆಳಕು ಬರುವುದು ದೊಡ್ಡ ಅಪರ್ಚರಿನಿಂದ ಮಾತ್ರ.

50 ಎಂಎಂ ಈ ಕ್ಯಾಮೆರಾದ ಸಣ್ಣ ಸೆನ್ಸರ್ ಮೇಲೆ ಸುಮಾರು 80 ಎಂಎಂ ಥರ ಕಾಣುತ್ತದೆ. ರಂಗಸ್ಥಳದಿಂದ ಐದು ಮೀಟರ್ ದೂರ ಕೂತು ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಕಿರೀಟದಿಂದ ಗೆಜ್ಜೆಯವರೆಗೆ ವೇಷ ಪೂರ್ತಿ ಚೌಕಟ್ಟಿನೊಳಗೆ ಬರುತ್ತದೆ. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಚ್ಚುವಾಗ ಬರೀ ಮುಖ ತೆಗೆಯಲಿಕ್ಕೂ ಇದೇ ಲೆನ್ಸ್ ಚಂದ. ತೂಕ 160 ಗ್ರಾಂ, ರಾತ್ರಿಯಿಡೀ ಕುತ್ತಿಗೆಗೆ ಹಾಕಿಕೊಂಡರೂ ಗೊತ್ತಾಗುವುದಿಲ್ಲ.

ಆಟದ ಬಗ್ಗೆ ಇನ್ನೆರಡು ಮಾತು, ಇಲ್ಲೇ ಹೆಚ್ಚಿನವರ ಫೋಟೋ ಕೆಡುವುದು. ಹಿಂದೆ ಕಪ್ಪು ಪರದೆ ಇದ್ದರೆ ಕ್ಯಾಮೆರಾ ಎಲ್ಲವೂ ಕತ್ತಲೆ ಅಂತ ತಿಳಿದು ಮುಖವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಚಿತ್ರದ ಬೆಳಕು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಒಂದು ಸ್ಟಾಪ್ ಕೆಳಗಿಳಿಸಿ, ಆಮೇಲೆ ತಿದ್ದಲು ಅನುಕೂಲವಾಗುವ ರಾ (RAW) ಫೈಲಿನಲ್ಲೇ ತೆಗೆಯಿರಿ. ಈಗಿನ ಎಲ್‌ಇಡಿ ದೀಪ ಕಣ್ಣಿಗೆ ಕಾಣದ ಹಾಗೆ ಮಿಟುಕುತ್ತಿರುತ್ತದೆ. ಸೈಲೆಂಟ್ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಚಿತ್ರದಲ್ಲಿ ಅಡ್ಡಪಟ್ಟೆ ಮೂಡುತ್ತದೆ, ಹಾಗಾಗಿ ರಂಗಸ್ಥಳದ ಎದುರು ಅದನ್ನು ಬಂದ್ ಮಾಡಿ ಇಡಿ.

ಝಡ್‌ವಿ-ಇ10 ಬೇಡ ಎನ್ನಲು ನನಗಿರುವ ಕಾರಣ ಒಂದೇ, ಅದಕ್ಕೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಮಧ್ಯಾಹ್ನ ಓಂ ಬೀಚಿನಲ್ಲೋ ಕಾರವಾರದ ದಂಡೆಯಲ್ಲೋ ನಿಂತರೆ ಬಿಸಿಲಿಗೆ ಕ್ಯಾಮೆರಾದ ಪರದೆ ಕಾಣುವುದಿಲ್ಲ. ರಾತ್ರಿ ಆಟದಲ್ಲಿ ಅದೇ ಪರದೆ ಹಿಂದೆ ಕೂತ ಹಿರಿಯರ ಕಣ್ಣಿಗೆ ಹೊಡೆಯುತ್ತದೆ, ಬೈಗುಳ ಗ್ಯಾರಂಟಿ. ಸೋನಿಗೆ ಲೆನ್ಸುಗಳ ಆಯ್ಕೆ ಜಾಸ್ತಿ, ಅದು ನಿಜ. ಆದರೆ ಸಿಗ್ಮಾದ 18-50 ಎಫ್/2.8 ಮತ್ತು ಎಫ್/1.4 ಲೆನ್ಸುಗಳು 2024ರಿಂದ ಕ್ಯಾನನ್ ಆರ್‌ಎಫ್ ಮೌಂಟಿಗೂ (ಆರ್50ರ ಲೆನ್ಸ್ ಕೂರಿಸುವ ಬಾಯಿ) ಬಂದಿವೆ. ವಿಡಿಯೋವೇ ಮುಖ್ಯ ಅನ್ನುವವರಾಗಿದ್ದರೆ ಸೋನಿಯನ್ನೇ ಹೇಳುತ್ತಿದ್ದೆ. ಇನ್ನು ಬೆಲೆ ಕಡಿಮೆ ಅಂತ ಆರ್100 ಕಡೆ ಹೋಗಬೇಡಿ, ಅದರ ಪರದೆ ತಿರುಗುವುದಿಲ್ಲ, ಟಚ್ ಕೂಡ ಇಲ್ಲ.

ಜಲಪಾತಕ್ಕೆ 18-45 ಧಾರಾಳ ಸಾಕು. ಉಂಚಳ್ಳಿಯಲ್ಲಿ ಎಫ್/8ಕ್ಕೆ ಇಟ್ಟು ಟ್ರೈಪಾಡ್ ಮೇಲೆ ತೆಗೆದರೆ ದುಬಾರಿ ಲೆನ್ಸಿಗೂ ಇದಕ್ಕೂ ಫರಕು ಹುಡುಕುವುದು ಕಷ್ಟ. 49 ಎಂಎಂ ಅಳತೆಯ ಪೋಲರೈಸರ್ ಒಂದು ಇರಲಿ, ಒದ್ದೆ ಎಲೆ, ಬಂಡೆಗಳ ಹೊಳಪು ತೆಗೆದು ಹಸಿರು ಮೇಲೆ ತರುತ್ತದೆ.

ಹಕ್ಕಿ ವಿಷಯಕ್ಕೆ ಸ್ವಲ್ಪ ತಾಳ್ಮೆ ಬೇಕು. ದಾಂಡೇಲಿ, ಗಣೇಶಗುಡಿ ಕಡೆ ನಾಲ್ಕು ಬಗೆಯ ಮಂಗಟ್ಟೆ ಸಿಗುತ್ತವೆ ನಿಜ, ಆದರೆ ಎತ್ತರದ ಮರದಲ್ಲಿ ಕೂತ ಮಂಗಟ್ಟೆಗೆ 210 ಎಂಎಂ ಕೂಡ ಗಿಡ್ಡವೇ. ಆರ್‌ಎಫ್ 100-400 ಒಳ್ಳೆಯ ಲೆನ್ಸ್, 635 ಗ್ರಾಂ ಅಷ್ಟೇ. ಆದರೆ ಅದೊಂದೇ ನಿಮ್ಮ ಬಜೆಟ್ಟಿನ ದೊಡ್ಡ ಪಾಲು ನುಂಗುತ್ತದೆ, ಎಫ್/8 ಆದ್ದರಿಂದ ದಟ್ಟ ಕಾಡಿನ ನೆರಳಲ್ಲಿ ತಿಣುಕುತ್ತದೆ. ಅದನ್ನು ಕೊಳ್ಳುವವರೆಗೆ ಒಂದು ದಾರಿಯಿದೆ. ಸ್ಟುಡಿಯೋದವರು ಕನ್ನಡಿ ಇರುವ ಹಳೆಯ ಬಗೆಯ ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಹಳೆಯ ಕ್ಯಾನನ್ ಲೆನ್ಸುಗಳು ಮಾರಾಟಕ್ಕೆ ಬರುತ್ತಿರುತ್ತವೆ. ಇಎಫ್-ಎಸ್ 55-250 ಎಸ್‌ಟಿಎಂ ಸಿಕ್ಕರೆ ಬಿಡಬೇಡಿ. ಇಎಫ್-ಇಒಎಸ್ ಆರ್ ಅಡಾಪ್ಟರ್ ಹಾಕಿದರೆ ಆಟೋಫೋಕಸ್ ಸಮೇತ ಕೆಲಸ ಮಾಡುತ್ತದೆ, ಕೊನೆಯ ತುದಿಯಲ್ಲೂ ಎಫ್/5.6 ಇರುತ್ತದೆ. ಹಕ್ಕಿಯೇ ಮೊದಲು, ಆಟ ಆಮೇಲೆ ಅನ್ನುವುದಾದರೆ, ಬಜೆಟ್ ಸ್ವಲ್ಪ ಹಿಗ್ಗುವುದಾದರೆ ನಿಕಾನ್ ಝಡ್50 II ನೋಡಿ.

ಹಳೆಯ ಲೆನ್ಸ್ ಕೊಳ್ಳುವಾಗ, ಅದರಲ್ಲೂ ನಮ್ಮ ಜಿಲ್ಲೆಯವರಿಂದ, ಟಾರ್ಚ್ ಜೇಬಲ್ಲಿರಲಿ. ಒಂದು ತುದಿಯಿಂದ ಬೆಳಕು ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಗಾಜಿನ ಅಂಚಿನಿಂದ ಜೇಡರ ಬಲೆಯಂಥ ಎಳೆ ಹೊರಟಿದ್ದರೆ ಅದು ಬೂಷ್ಟು, ಎಷ್ಟೇ ಅಗ್ಗ ಅಂದರೂ ಬೇಡ. ನಿಮ್ಮ ಹೊಸ ಲೆನ್ಸಿಗೂ ಅದು ಜೂನ್‌ನಿಂದ ಕಾದು ಕೂತಿರುತ್ತದೆ. ಮಳೆಗಾಲದಲ್ಲಿ ಕ್ಯಾಮೆರಾ ಬ್ಯಾಗಿನಲ್ಲಿ ಮುಚ್ಚಿಡಬೇಡಿ, ಬ್ಯಾಗಿನ ಸ್ಪಂಜೇ ತೇವ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್. ಮುಳ್ಳು ಶೇಕಡಾ 40ರಿಂದ 50ರೊಳಗೆ ಇದ್ದರೆ ನಿಶ್ಚಿಂತೆ, 60 ದಾಟಿದರೆ ಜೆಲ್ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಕ್ಕಿ ಡಬ್ಬದಲ್ಲಿ ಹುಗಿದಿಡುವ ಸಲಹೆ ಯಾರಾದರೂ ಕೊಟ್ಟರೆ ನಕ್ಕು ಸುಮ್ಮನಾಗಿ, ಅಕ್ಕಿಯ ಹುಡಿ ಒಳಗೆ ಸೇರುತ್ತದೆ ಅಷ್ಟೇ.

ಆರ್50ಕ್ಕೆ ಮಳೆ ತಡೆಯುವ ಸೀಲಿಂಗ್ ಇಲ್ಲ, ಜಲಪಾತದ ತುಂತುರಿನಲ್ಲಿ ಲೆನ್ಸ್ ಬದಲಿಸಲಿಕ್ಕೆ ಹೋಗಬೇಡಿ. ಬೆಳಗಿನ ತನಕದ ಆಟಕ್ಕೆ ಒಂದು ಬ್ಯಾಟರಿ ಸಾಲದು, ಎಲ್‌ಪಿ-ಇ17 ಇನ್ನೊಂದು ತಗೊಳ್ಳಿ. ಹುಬ್ಬಳ್ಳಿಗೆ ಹೋಗಿ ಕೊಳ್ಳುವುದಾದರೆ ಬಿಲ್ಲು ಮತ್ತು ಭಾರತದ ವಾರಂಟಿ ಎರಡನ್ನೂ ಕೇಳಿ ತಗೊಳ್ಳಿ. ಎರಡು ಮೂರು ಸಾವಿರ ಕಡಿಮೆಗೆ ಬಿಲ್ಲಿಲ್ಲದೆ ಕೊಡುತ್ತೇವೆ ಅಂದರೆ ಬೇರೆ ಅಂಗಡಿ ನೋಡಿ.