ಮಂಜಿನಲ್ಲಿ ತೆಗೆದ ವಿಡಿಯೊ ಯಾಕೆ ಬೂದು ಗೋಡೆಯ ಹಾಗೆ ಬರುತ್ತದೆ?

ಕಣ್ಣಿಗೆ ಅಷ್ಟು ಚೆನ್ನಾಗಿ ಕಾಣುವ ಮಂಜು ವಿಡಿಯೊದಲ್ಲಿ ಬೂದು ಬಳಿದ ಗೋಡೆಯಂತೆ ಬರುತ್ತದೆ, ಫೋಕಸ್ಸೂ ನಿಲ್ಲುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನೂ ಬಹಳ ದಿನ ಇದೇ ತೊಂದರೆಪಟ್ಟಿದ್ದೇನೆ.

ಬರೀ ಮಂಜಿಗೆ ಕ್ಯಾಮೆರಾ ಹಿಡಿದರೆ ಬಿಳಿ ಪರದೆ ಬಿಟ್ಟು ಬೇರೇನೂ ಸಿಗುವುದಿಲ್ಲ. ನಾನು ಮೊದಲು ಹುಡುಕುವುದು ಮೂರ್ನಾಲ್ಕು ಮೀಟರ್ ದೂರದಲ್ಲಿರುವ ಒಂದು ಕಪ್ಪು ವಸ್ತುವನ್ನು. ಬೇಲಿಯ ಕಂಬವೋ, ಮರದ ಕಾಂಡವೋ, ಬೆನ್ನು ತಿರುಗಿಸಿ ನಿಂತ ಮನುಷ್ಯನೋ ಆದೀತು. ಅದರ ಹಿಂದೆ ಸ್ವಲ್ಪ ದೂರಕ್ಕೆ ಇನ್ನೊಂದು, ಅದರಾಚೆ ಮತ್ತೊಂದು ಇರುವಂತೆ ನಿಲ್ಲುತ್ತೇನೆ. ಮೊದಲನೆಯ ಮರ ಕಡುಗಪ್ಪಾಗಿ, ಎರಡನೆಯದು ಬೂದಾಗಿ, ಮೂರನೆಯದು ಇದೆಯೋ ಇಲ್ಲವೋ ಎಂಬಂತೆ ಕಂಡಾಗ ಮಂಜು ಎಷ್ಟು ದಟ್ಟವಾಗಿದೆ ಎಂಬುದು ನೋಡುವವರಿಗೆ ತಾನಾಗಿ ತಿಳಿಯುತ್ತದೆ.

ಬೂದುಬಣ್ಣಕ್ಕೆ ಕಾರಣ ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಮೀಟರ್. ಎದುರಿಗೆ ಏನಿದ್ದರೂ ಅದನ್ನು ಮಧ್ಯಮ ಬೂದಿಗೆ ತರುವುದೇ ಅದರ ಲೆಕ್ಕ, ಹಾಗಾಗಿ ಬಿಳಿ ಮಂಜನ್ನು ಕತ್ತಲಾಗಿಸುತ್ತದೆ. ಎಕ್ಸ್‌ಪೋಷರನ್ನು ಅರ್ಧದಿಂದ 1 ಸ್ಟಾಪ್ ಏರಿಸಿ (1 ಸ್ಟಾಪ್ ಎಂದರೆ ಬೆಳಕು ಎರಡರಷ್ಟು). ಹಿಸ್ಟೋಗ್ರಾಂ, ಅಂದರೆ ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್, ಬಲಗಡೆಗೆ ಸರಿಯಬೇಕು, ಆದರೆ ಬಲ ಅಂಚಿಗೆ ತಾಗಬಾರದು. ಆಮೇಲೆ ಅಲ್ಲಿಗೇ ಲಾಕ್ ಮಾಡಿ. ಇಲ್ಲದಿದ್ದರೆ ಮಂಜಿನ ಒಂದೊಂದು ಅಲೆ ಬಂದಾಗಲೂ ದೃಶ್ಯ ಬೆಳಗಿ ಮಂಕಾಗುತ್ತಿರುತ್ತದೆ. ಬಣ್ಣದ ಛಾಯೆಯನ್ನು ನಿರ್ಧರಿಸುವ ವೈಟ್ ಬ್ಯಾಲೆನ್ಸನ್ನೂ 5500 ಕೆಲ್ವಿನ್ ಆಸುಪಾಸಿನಲ್ಲಿ ನಿಲ್ಲಿಸಿಬಿಡಿ.

ಫೋಕಸ್ ವಿಷಯದಲ್ಲಿ ಆಟೋವನ್ನು ನಂಬಲೇಬೇಡಿ. ಒಮ್ಮೆ ರಸ್ತೆಯಂಚಿನಲ್ಲಿ ಅರ್ಧ ಗಂಟೆ ಕಾದಿದ್ದೆ. ಕೊನೆಗೆ ಮಂಜಿನೊಳಗಿಂದ ಒಬ್ಬ ಸೈಕಲ್ ಸವಾರ ಬಂದ, ಮೊದಲು ಬರೀ ಒಂದು ಕಪ್ಪು ಚುಕ್ಕೆ, ನಂತರ ಹ್ಯಾಂಡಲ್, ಆಮೇಲೆ ಮುಖ. ಸರಿಯಾಗಿ ಆ ಹೊತ್ತಿಗೆ ಲೆನ್ಸ್ ಹಿಂದಕ್ಕೂ ಮುಂದಕ್ಕೂ ತಡಕಾಡಿತು. ಅಂಚುಗಳ ನಡುವಿನ ವ್ಯತ್ಯಾಸ ನೋಡಿ ಫೋಕಸ್ ಹಿಡಿಯುವ ಕ್ಯಾಮೆರಾಕ್ಕೆ ಮಂಜಿನಲ್ಲಿ ಹಿಡಿಯಲು ಅಂಚೇ ಇರುವುದಿಲ್ಲ. ಆ ಕ್ಲಿಪ್ ಕಳೆದುಕೊಂಡ ಬೇಸರ ಈಗಲೂ ಇದೆ. ಅಂದಿನಿಂದ ರಸ್ತೆ ಬದಿಯ ಒಂದು ಕಲ್ಲಿಗೆ ಕೈಯಲ್ಲೇ ಫೋಕಸ್ ಮಾಡಿಟ್ಟು, ಬರುವವರು ಆ ಕಲ್ಲಿನವರೆಗೆ ಬರಲಿ ಎಂದು ಕಾಯುತ್ತೇನೆ. ಮೊಬೈಲಿನಲ್ಲಾದರೆ ಆ ಕಲ್ಲಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ಸಾಮಾನ್ಯವಾಗಿ ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡೂ ಲಾಕ್ ಆಗುತ್ತವೆ.

ಸೂರ್ಯನಾಗಲಿ ಬೀದಿದೀಪವಾಗಲಿ, ಬೆಳಕು ವಸ್ತುವಿನ ಹಿಂದಿನಿಂದ ಬರಬೇಕು. ಮಂಜಿನ ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆದುರಿಸುವುದರಿಂದ ಎದುರು ಬೆಳಕಿನಲ್ಲಿ ಮಂಜು ಹೊಳೆಯುತ್ತದೆ, ಕೊಂಬೆಗಳ ನಡುವೆ ಕೋಲುಗಳಂತೆ ಕಿರಣ ಇಳಿಯುತ್ತದೆ. ಕ್ಯಾಮೆರಾ ಮೇಲೆ ಲೈಟ್ ಹಚ್ಚಿದರೆ ಮಾತ್ರ ಕೆಲಸ ಕೆಡುತ್ತದೆ. ಹೈಬೀಮ್ ಹಾಕಿದ ಚಾಲಕನಿಗೆ ಕಾಣುವ ಬಿಳಿಗೋಡೆಯೇ ನಿಮಗೂ ಕಾಣುತ್ತದೆ.

ಸೌಲಭ್ಯವಿದ್ದರೆ 10 ಬಿಟ್‌ನಲ್ಲಿ ತೆಗೆಯಿರಿ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಮಂಜಿನಲ್ಲಿ ಬಿಳಿ ನಯವಾಗಿ ಬೂದಿಗೆ ತಿರುಗುವ ಕಡೆ, ಎಡಿಟಿಂಗ್‌ನಲ್ಲಿ ಕಾಂಟ್ರಾಸ್ಟ್ ಏರಿಸಿದ ಕೂಡಲೇ, ಈ ವ್ಯತ್ಯಾಸ ಪಟ್ಟೆಪಟ್ಟೆಯಾಗಿ ಎದ್ದು ಕಾಣುತ್ತದೆ. ಎಡಿಟಿಂಗ್‌ನಲ್ಲಿ ಮಸುಕು ತೆಗೆಯುವ ಡೀಹೇಜ್ ತುಂಬ ಎಳೆಯಬೇಡಿ, ಅಷ್ಟು ಕಷ್ಟಪಟ್ಟು ಹಿಡಿದ ಮಂಜನ್ನು ನೀವೇ ಒರೆಸಿ ಹಾಕಿದಂತಾಗುತ್ತದೆ.

ನೆಲದ ಮೇಲೆ ರಾತ್ರಿ ಕಟ್ಟುವ ಮಂಜು ಬಿಸಿಲೇರಿದಂತೆ ಕರಗುವುದರಿಂದ ಸೂರ್ಯ ಹುಟ್ಟುವ ಮೊದಲೇ ಟ್ರೈಪಾಡ್ ನಿಲ್ಲಿಸಿರಬೇಕು. ಲೆನ್ಸ್ ಮುಂದೆ ಹುಡ್ ಇರಲಿ, ಎರಡು ಶಾಟ್‌ಗೊಮ್ಮೆ ಗಾಜು ನೋಡಿ, ಹನಿ ಕೂತಿದ್ದರೆ ಒಣ ಲೆನ್ಸ್ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಮುಗಿಸಿ ಬೆಚ್ಚಗಿನ ಕೋಣೆಗೆ ಹೋಗುವ ಮೊದಲು, ಹೊರಗಿದ್ದಾಗಲೇ ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ. ನೀರಿನ ಪಸೆ ಚೀಲದ ಹೊರಮೈಗೆ ಕಟ್ಟಲಿ. ಕ್ಯಾಮೆರಾ ಕೋಣೆಯಷ್ಟೇ ಬೆಚ್ಚಗಾದ ಮೇಲೆ ತೆರೆಯಿರಿ.