ಕಡಲತೀರದಲ್ಲಿ ಹಕ್ಕಿ ನೋಡಲು ನಾವು ಗಂಡ-ಹೆಂಡತಿ ಮೊದಲ ಸಲ ಹೊರಟಿದ್ದೇವೆ. ಬೆಳಗ್ಗೆ ಆರಕ್ಕೇ ಹೋಗಬೇಕೇ? ಇಬ್ಬರಿಗೂ ಒಂದೇ ಬೈನಾಕ್ಯುಲರ್ ಸಾಕೇ?

ಆರು ಗಂಟೆಯ ಲೆಕ್ಕ ಕಾಡಿಗೆ ಸರಿ. ಕಡಲಿಗಾದರೆ ಮೊದಲು ಉಬ್ಬರ-ಇಳಿತದ ಪಟ್ಟಿ ನೋಡಿ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ಕೆಸರಿನ ತುಂಬ ಚದುರಿ ಬರೀ ಚುಕ್ಕಿಗಳಾಗಿರುತ್ತವೆ. ಉಬ್ಬರ ತುದಿ ಮುಟ್ಟುವ ಎರಡು-ಎರಡೂವರೆ ಗಂಟೆ ಮೊದಲೇ ಹೋಗಿ ಕೂತರೆ, ಏರುವ ನೀರೇ ಅವನ್ನು ನಿಮ್ಮ ಕಡೆಗೆ ತಳ್ಳಿಕೊಂಡು ಬರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ನಿನ್ನೆಯ ಸಮಯ ಇವತ್ತಿಗೆ ಆಗುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ದೊಡ್ಡ ಉಬ್ಬರ ಒಳ್ಳೆಯದು. ಅಷ್ಟಮಿಯ ಹೊತ್ತಿಗೆ ಕೆಸರು ಪೂರ್ತಿ ಮುಳುಗದೆ ಹಕ್ಕಿಗಳು ದೂರದಲ್ಲೇ ಉಳಿದುಬಿಡಬಹುದು. ಸೂರ್ಯ ನಿಮ್ಮ ಬೆನ್ನಿಗಿರಲಿ. ಎದುರು ಬಿಸಿಲಲ್ಲಿ ಕಾಲಿನ ಬಣ್ಣವೇ ತಿಳಿಯುವುದಿಲ್ಲ.

ಒಂದೇ ಬೈನಾಕ್ಯುಲರ್? ಬೇಡ. ಕೈ ಬದಲಾದಾಗಲೆಲ್ಲ ಕಣ್ಣಿನ ಅಂತರ, ಬಲಗಣ್ಣಿನ ಡಯಾಪ್ಟರ್ (ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಉಂಗುರ) ಎರಡನ್ನೂ ಮತ್ತೆ ಹೊಂದಿಸಬೇಕು, ಅಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ತಲಾ ಒಂದು 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಲೆನ್ಸ್ 42 ಮಿ.ಮೀ. ಅಗಲದ್ದು) ಇರಲಿ. ಮೊದಲು ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಫೋಕಸ್ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಅದೇ ವಸ್ತುವನ್ನು ನೋಡುತ್ತ ಡಯಾಪ್ಟರ್ ಉಂಗುರವನ್ನಷ್ಟೇ ತಿರುಗಿಸಿ. ಕನ್ನಡಕದವರು ಐಕಪ್ (ಕಣ್ಣಿಗೆ ತಾಗುವ ರಬ್ಬರ್ ಅಂಚು) ಒಳಗೇ ಇಟ್ಟುಕೊಳ್ಳಿ. ಟ್ರೈಪಾಡ್ ಮೇಲಿನ ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಿಂದ ನೋಡುವ ಪುಟ್ಟ ದೂರದರ್ಶಕ) ಮಾತ್ರ ಇಬ್ಬರಿಗೂ ಒಂದೇ ಸಾಕು. ಬಿಸಿಲೇರಿದ ಮೇಲೆ ಅದನ್ನು 60x ತನಕ ಎಳೆಯಬೇಡಿ, ಬಿಸಿಗಾಳಿಯ ಅಲೆಯೇ ದೊಡ್ಡದಾಗಿ ಕಾಣುತ್ತದೆ. 25-30ರಲ್ಲಿ ಚಿತ್ರ ಚೊಕ್ಕ.

ಒಬ್ಬರು ಸ್ಕೋಪಿನಲ್ಲಿದ್ದರೆ ಇನ್ನೊಬ್ಬರು ಬರೆದುಕೊಳ್ಳಿ. "ಅಲ್ನೋಡು, ಅಲ್ಲಿ" ಅಂದರೆ ಯಾರಿಗೂ ಏನೂ ಕಾಣುವುದಿಲ್ಲ (ಜಗಳ ಬೇರೆ). "ಕೆಂಪು ದೋಣಿಯ ಎಡಕ್ಕೆ, ನೀರಂಚಿನಲ್ಲಿ" ಅನ್ನಿ.

ಎಲ್ಲವೂ ಕಂದು-ಬೂದು ಬಣ್ಣದವೇ ಆದ್ದರಿಂದ ಬಣ್ಣಕ್ಕಿಂತ ಮೊದಲು ನಡಿಗೆ ನೋಡಿ. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಒಮ್ಮೆ ಕುಕ್ಕಿ ಮತ್ತೆ ಓಡಿದರೆ ಪ್ಲವರ್: ಗಿಡ್ಡ ಕೊಕ್ಕು, ದೊಡ್ಡ ಕಣ್ಣು, ಕಣ್ಣಿಂದಲೇ ಬೇಟೆ. ತಲೆ ತಗ್ಗಿಸಿ ಹೊಲಿಗೆ ಯಂತ್ರದ ಸೂಜಿಯಂತೆ ಕೆಸರಿಗೆ ಕೊಕ್ಕು ಚುಚ್ಚುತ್ತಲೇ ಇದ್ದರೆ ಸ್ಯಾಂಡ್‌ಪೈಪರ್ ಬಳಗ. ಅಲೆಯ ಹಿಂದೆ ಓಡಿ, ಅಲೆ ಬಂದಾಗ ವಾಪಸ್ ಓಡುವ ಬಿಳಚು ಪುಟ್ಟ ಹಕ್ಕಿ ಸ್ಯಾಂಡರ್ಲಿಂಗ್. ಉದ್ದ ಕೊಕ್ಕು ಕೆಳಕ್ಕೆ ಬಾಗಿದ್ದರೆ ಕರ್ಲ್ಯೂ ಅಥವಾ ವಿಂಬ್ರೆಲ್, ತುಸು ಮೇಲಕ್ಕಿದ್ದರೆ ಬಾರ್-ಟೇಲ್ಡ್ ಗಾಡ್ವಿಟ್.

ಉಬ್ಬರದ ಹೊತ್ತಿಗೆ ಗುಂಪು ಒಂಟಿಕಾಲಲ್ಲಿ ನಿಂತು ವಿಶ್ರಮಿಸುತ್ತಿರುತ್ತದೆ. ತಲೆಯೆತ್ತಿ ನಿಮ್ಮನ್ನೇ ನೋಡತೊಡಗಿದರೆ ಅಲ್ಲೇ ನಿಲ್ಲಿ. 2022ರಲ್ಲಿ ಒಂದು ಗಾಡ್ವಿಟ್ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿ.ಮೀ. ಎಲ್ಲೂ ಇಳಿಯದೆ ಹಾರಿತ್ತು. ಅಂಥ ಪಯಣಕ್ಕೆ ಕೂಡಿಡುವ ಕೊಬ್ಬನ್ನು ಒಂದು ಫೋಟೋಕ್ಕಾಗಿ ಹಕ್ಕಿಗಳನ್ನು ಎಬ್ಬಿಸಿ ಹಾರಿಸಿ ಕರಗಿಸಬೇಡಿ. ಕೆಸರಿನೊಳಕ್ಕೆ ನಡೆದು ಹೋಗುವುದೂ ಬೇಡ. ನೀರು ಮೊದಲು ತುಂಬುವುದು ನಿಮ್ಮ ಹಿಂದಿನ ಕಾಲುವೆಗಳನ್ನು.

ಮನೆಗೆ ಬಂದಮೇಲೆ ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಲೇಬೇಡಿ, ಉಪ್ಪು-ಮರಳು ಲೇಪನವನ್ನು ಗೀರುತ್ತವೆ. ಮೊದಲು ಗಾಳಿ ಊದುವ ರಬ್ಬರ್ ಬಲ್ಬು, ಆಮೇಲೆ ಸಿಹಿನೀರಿನಲ್ಲಿ ಒದ್ದೆ ಮಾಡಿದ ಲೆನ್ಸ್ ಬಟ್ಟೆ.